ಎರಡನೇ ಬ್ಯಾಟರಿಯ ನೀರು

ಜುಲೈ 9, ಬೆಳಿಗ್ಗೆ

12.5 ವೋಲ್ಟ್. ಸೋಲಾರ್ ಪ್ಯಾನೆಲಿಗೆ ಬಿಸಿಲು ತಾಗುವ ಮೊದಲೇ ನೋಡಿದೆ. ಆಗ ಸಿಕ್ಕ ಅಂಕಿಯೇ ನಿಜ ಎಂದು ಗಂಡ ಒತೆಗೆನ್ ಹೇಳಿಕೊಟ್ಟಿದ್ದಾನೆ. ಎಣ್ಣೆಬಾವಿಯ ಪಾಳಿಗೆ ಹೋದ ಅವನು ಬರುವುದು ತಿಂಗಳ ಕೊನೆಗೆ. ಅಲ್ಲಿಯವರೆಗೆ ಬ್ಯಾಟರಿ ನನ್ನ ಪಾಲಿಗೆ.

ನಮ್ಮ ವ್ಯಾನಿನಲ್ಲಿ ಎರಡಿವೆ. ಒಂದು ಇಂಜಿನ್ ಎಬ್ಬಿಸಲು. ಎರಡನೆಯದು ಫ್ರಿಜ್ಜಿಗೆ. ಫ್ರಿಜ್ಜಿನಲ್ಲಿ ಅತ್ತೆಯ ಇನ್ಸುಲಿನ್, ಬೇರೇನಿಲ್ಲ. ಹೊರಗೆ ನಲವತ್ತಮೂರು ಡಿಗ್ರಿ — ಮಂಗಿಸ್ತೌ ಮರಳುಗಾಡಿನಲ್ಲಿ ಇದು ಮಾಮೂಲು.

ಚಾರ್ಜ್ ಅರ್ಧಕ್ಕಿಂತ ಕೆಳಗೆ ಇಳಿಸಬಾರದು. ದಿನಾ ಪೂರ್ತಿ ತುಂಬಿಸಬೇಕು. ಒಳಗಿನ ಸೀಸದ ಪ್ಲೇಟು ಮುಳುಗುವಷ್ಟು ನೀರಿರಬೇಕು, ಅದೂ ಡಿಸ್ಟಿಲ್ಡ್ ವಾಟರ್. ಕ್ಯಾನ್ ಖಾಲಿ. ಪ್ಲೇಟಿನ ತುದಿ ಆಗಲೇ ಕಾಣುತ್ತಿದೆ... ಮಾವನಿಗೆ ಹೇಳಿದೆ. ಪೇಟೆಗೆ ಅರ್ಧ ದಿನದ ದಾರಿ. "ನೋಡೋಣ" ಅಂದರು.

ಜುಲೈ 10

ಮಾವನ ಗೆಳೆಯ ಕಲ್ಮಾನ್ ಬಂದರು. ಸಂತನ ಗೋರಿಗೆ ಹೋಗಿ ಮರಳುವ ದಾರಿ. ಅಲ್ಲಿನ ಬುಗ್ಗೆಯ ನೀರು ತಂದಿದ್ದರು, ಒಂದು ಕ್ಯಾನ್ ತುಂಬ.

"ಕುಡಿ. ಮೊಣಕಾಲು ನೋವು ಓಡಿಹೋಗುತ್ತೆ ಕಣೋ."

"ನನ್ನ ಮೊಣಕಾಲು ಹಾಳಾಗ್ಲಿ, ನಮ್ಮ ಬ್ಯಾಟರಿಗೆ ಬಾಯಾರಿದೆ!" ಎಂದು ಮಾವ ಕ್ಯಾನ್ ಎತ್ತಿಕೊಂಡು ಹೊರಟೇಬಿಟ್ಟರು.

ಹಿಂದೆ ಓಡಿದೆ. ಆ ನೀರು ನಾಲಗೆಗೆ ಹತ್ತುತ್ತದೆ, ಇಲ್ಲಿನ ಎಲ್ಲ ಬುಗ್ಗೆಗಳ ಹಾಗೆ. ಹೇಳಬೇಕಾದ್ದು ಒಂದೇ ಪದ. ನಾನು ಆಡುವಂತಿಲ್ಲದ ಪದವೂ ಅದೇ. ಮಾವನ ಹೆಸರು ತುಜ್‌ಬಾಯ್. ತುಜ್ ಅಂದರೆ ಉಪ್ಪು. ಸೊಸೆಯ ಬಾಯಲ್ಲಿ ಮಾವನ ಹೆಸರು ಬರಬಾರದು, ಹೆಸರಿನ ಚೂರೂ ಬರಬಾರದು. ಕರೆಯುವುದು ಆತಾ, ಅಂದರೆ ಹಿರಿಯರೇ, ಎಂದು. ಮದುವೆಯಾದಾಗಿನಿಂದ ಅಡುಗೆ ಹೊತ್ತಿನಲ್ಲಿ "ಬಿಳಿಯದು ಕೊಡಿ" ಎಂದೇ ಅತ್ತೆಯನ್ನು ಕೇಳುತ್ತೇನೆ.

"ಆತಾ, ಆ ನೀರು ಬೇಡ. ಅದರಲ್ಲಿ... ಬಿಳಿಯದು ಇದೆ."

ಮಾವನ ಮುಖ ಅರಳಿತು. ಅವರಿಗೆ ಬಿಳಿಯದು ಅಂದರೆ ಹಾಲು, ಹರಕೆ, ಶುಭ.

"ಕೇಳಿದೆಯೇನೋ ಕಲ್ಮಾನ್? ಓದಿದ ಹುಡುಗಿ ಅಂದ್ರೆ ಹೀಗಿರಬೇಕು! ಇರದೇ ಏನಮ್ಮ, ಸಂತನ ನೀರು! ನೀನು ಸಂಕೋಚ ಪಡಬೇಡ, ಕುಡಿಯೋಕೂ ಉಳಿಸ್ತೀನಿ."

ಬ್ಯಾಟರಿಯ ಆರೂ ಸೆಲ್ಲಿಗೆ ಹುಯ್ದರು. ಗೆಳೆಯನ ಮುಂದೆ ಮಾವನನ್ನು ತಿದ್ದುವುದು ಹೇಗೆ? ನಾನು ಮುಚ್ಚಳಗಳನ್ನು ಹಿಡಿದು ನಿಂತಿದ್ದೆ.

ನಾಲ್ಕು ವರ್ಷ ಸಾಹಿತ್ಯ ಓದಿದೆ. ಒಂದು ಪದಕ್ಕೆ ಎರಡು ಅರ್ಥ ಸಿಕ್ಕರೆ ಖುಷಿಯಿಂದ ಗೆರೆ ಎಳೆಯುತ್ತಿದ್ದೆ.

ಜುಲೈ 11

12.2. ಬಿಸಿಲು ಚೆನ್ನಾಗಿಯೇ ಇತ್ತು. ಆ ನೀರೇ ಇರಬೇಕು.

ಜುಲೈ 12

11.8. ದೀಪ ಹಾಕಲಿಲ್ಲ, ಫೋನನ್ನೂ ಚಾರ್ಜಿಗೆ ಇಡಲಿಲ್ಲ. ಪ್ಯಾನೆಲಿನ ಧೂಳು ಒರೆಸಿದೆ, ಮತ್ತೆ ಒರೆಸಿದೆ. ಬ್ಯಾಟರಿಯ ಒಂದು ಬದಿ ಮುಟ್ಟಿದರೆ ಬಿಸಿ. ಮುಚ್ಚಳ ತೆಗೆದರೆ ಮೂಗು ಉರಿಯುವ ವಾಸನೆ.

ಅತ್ತೆ ಅಂದರು: "ಈ ಸೆಕೆಗೆ ಒಂಟೆಗೇ ಸುಸ್ತು, ಅದಕ್ಕಾಗಲ್ವಾ? ಬಾ, ಚಹಾ ಆರುತ್ತೆ."

ಮೂವರೂ ಕೂತಿದ್ದಾಗ ಬಾಯಿ ತೆರೆದೆ. ಮಾವ ತಲೆ ಎತ್ತಿದರು.

"ರೊಟ್ಟಿ ಬೇಕಾ, ಆತಾ?" ಎಂದೆ.

ಜುಲೈ 13

ಫ್ರಿಜ್ ನಿಂತಿದೆ. ಯಾವಾಗ ನಿಂತಿತೋ, ಒಂಟೆ ಹಾಲು ಕರೆದು ಬಂದಾಗ ಕಂಡೆ. ಮೀಟರ್ 10.4. ಫ್ರಿಜ್ಜಿನೊಳಗೆ ಮೂವತ್ತಾರು ಡಿಗ್ರಿ — ಮೂವತ್ತು ದಾಟಿದರೆ ಔಷಧ ಹಾಳು ಎಂದು ಡಬ್ಬಿಯ ಮೇಲೇ ಇದೆ. ಸೀಸೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿದೆ. ಅಷ್ಟರಲ್ಲಿ ಮಾವ, ಕೈಯಲ್ಲಿ ಅದೇ ಕ್ಯಾನ್.

"ಇನ್ನೊಂದು ಸ್ವಲ್ಪ ಹುಯ್ಯೋಣ, ಸರಿಹೋಗ್—"

"ಉಪ್ಪು! ಅದರಲ್ಲಿ ಉಪ್ಪಿದೆ ಆತಾ! ಉಪ್ಪು ಬ್ಯಾಟರಿಯನ್ನ ಕೊಲ್ಲುತ್ತೆ!"

ಅತ್ತೆಯ ಕೈಯಲ್ಲಿದ್ದ ಹಾಲು ತುಳುಕಿತು. ಮಾವ ಕ್ಯಾನ್ ಕೆಳಗಿಟ್ಟರು.

"ಮೊದಲೇ ಯಾಕೆ ಹೇಳ್ಲಿಲ್ಲ?"

"ಹೇಳಿದೆ... ಬಿಳಿಯದು ಅಂತ."

ಅತ್ತೆ ನಕ್ಕರೋ ಅತ್ತರೋ ತಿಳಿಯಲಿಲ್ಲ. "ಅಯ್ಯೋ ಮುದುಕಾ! ಇವಳು ಸಾರಿಗೆ ಹಾಕೋದನ್ನ ಹೇಳಿದ್ದಾಳೆ, ನೀನು ಹರಕೆ ಅಂದ್ಕೊಂಡು ಹಲ್ಲು ಕಿರಿದಿದ್ದೀಯ!"

ಮಾವ ಕ್ಯಾನಿನ ಮುಚ್ಚಳ ಬಿಗಿದು ದೂರ ಇಟ್ಟರು. ಆಮೇಲೆ: "ಇನ್ಮೇಲೆ ಬ್ಯಾಟರಿ ಮುಂದೆ ನನಗೆ ಹೆಸರಿಲ್ಲ. ಏನಿದ್ರೂ ಬಾಯ್ಬಿಟ್ಟು ಹೇಳು. ಈಗ ಏನು ಮಾಡೋದು?"

ನನ್ನನ್ನು ಕೇಳಿದರು. ನನ್ನನ್ನು.

"ಫ್ರಿಜ್ಜಿನ ತಂತಿ ಮೊದಲನೇ ಬ್ಯಾಟರಿಗೆ ಹಾಕ್ತೀನಿ. ಪೇಟೆಗೆ ಹೋಗೋಣ. ತಲುಪೋವರೆಗೂ ಇಂಜಿನ್ ಆರಿಸಬೇಡಿ."

ಅದೇ ದಿನ, ವ್ಯಾನಿನಲ್ಲಿ

ಅಕ್ಷರ ಕುಣಿಯುತ್ತಿವೆ. ದಾರಿ ಹಾಗಿದೆ. ಫ್ರಿಜ್ ತಣ್ಣಗಾಗುತ್ತಿದೆ. ಆದರೆ ಒಮ್ಮೆ ಬೆಂದ ಔಷಧ ಬೆಂದದ್ದೇ.

ಅತ್ತೆಯ ಮಧ್ಯಾಹ್ನದ ಚುಚ್ಚುಮದ್ದಿನ ಹೊತ್ತು ಮೀರಿತ್ತು. ಬೇರೆ ಸೀಸೆ ಇಲ್ಲ. ಅದನ್ನೇ ಚುಚ್ಚಿದೆ. ಅದಕ್ಕೆ ಮೊದಲು ನೋಡಿದಾಗ ಇಲ್ಲಿನ ಮೀಟರಿನ ಲೆಕ್ಕದಲ್ಲಿ ರಕ್ತದ ಸಕ್ಕರೆ ಹದಿನೈದಿತ್ತು, ಆರೋಗ್ಯವಂತರಿಗೆ ಐದಾರು. ಔಷಧಕ್ಕೆ ಜೀವ ಇದ್ದರೆ ಹತ್ತಕ್ಕೆ ಬರಬೇಕು. ಇಲ್ಲದಿದ್ದರೆ ಏರುತ್ತದೆ, ಪೇಟೆ ಇನ್ನೂ ದೂರ.

"ಏನು ಹೇಳುತ್ತೆ?" ಪ್ರತಿ ದಿಬ್ಬಕ್ಕೂ ಮಾವ ಕೇಳುತ್ತಾರೆ.

"ಇನ್ನೂ ಹೊತ್ತಾಗಿಲ್ಲ, ಆತಾ."

"ನೀನು ದಾರಿ ನೋಡಿ ಓಡ್ಸು," ಅತ್ತೆ ಗದರಿದರು. "ಸಕ್ಕರೆಯಿಂದ ಸಾಯ್ತೀನೋ ಇಲ್ವೋ, ನಿನ್ನ ಓಡಿಸೋದ್ರಿಂದ ಸಾಯ್ತೀನಿ." ತುಟಿ ಒಣಗಿದೆ. ನನ್ನ ಮುಂಗೈ ಹಿಡಿದಿದ್ದಾರೆ. ಬಿಡುತ್ತಿಲ್ಲ.

ಮತ್ತೆ ಅತ್ತೆಯ ಬೆರಳು ಚುಚ್ಚಿದೆ.

ಒಂಬತ್ತು.

"ಇಳಿದಿದೆ, ಆತಾ."

ಮಾವ ವ್ಯಾನ್ ನಿಲ್ಲಿಸಿದರು. ಇಂಜಿನ್ ಆರಿಸಲಿಲ್ಲ. ಕೆಳಗಿಳಿದು ನಮಗೆ ಬೆನ್ನು ಹಾಕಿ ನಿಂತಿದ್ದಾರೆ, ಟೋಪಿ ಕೈಯಲ್ಲಿ. ಹೆಗಲು ಅಲುಗುತ್ತಿದೆ.

"ನೋಡ್ತಿರು, ಕಣ್ಣಿಗೆ ಧೂಳು ಬಿತ್ತು ಅಂತಾನೆ," ಅಂದರು ಅತ್ತೆ. "ಹೋಗು, ನೀರು ಕೊಡು. ಮುಖ ತೊಳ್ಕೊಳ್ಳಲಿ."

ಬಾಟಲಿ ಎಲ್ಲಿ... ಇಳಿಯಬೇಕು—