ಸಿಕ್ಸರ್ ಹೊಡೆದ್ರೂ ಓಡ್ಬೇಕು

ಅಲ್ ಕೂಜ್, ದುಬೈ
18 ಮಾರ್ಚ್ 2016, ಶುಕ್ರವಾರ ಸಂಜೆ

ಪ್ರೀತಿಯ ಲೀಲಕ್ಕ,

ಮಂಡಿನೋವು ಹೆಂಗಿದೆ? ಎಣ್ಣೆ ಹಚ್ಕೋತಿದ್ದೀಯಾ, ಇಲ್ಲಾ ಬರೀ ಮಾತ್ರೆ ನುಂಗ್ತಿದ್ದೀಯಾ? ಇದು ಉದ್ದದ ವಾಯ್ಸ್ ನೋಟು, ಕೂತ್ಕೊಂಡು ಕೇಳು. ಮಧ್ಯದಲ್ಲಿ ಬೈಬೇಡ, ಬೈದ್ರೂ ನಂಗೆ ಕೇಳ್ಸಲ್ಲ.

ಇವತ್ತು ನಾನು ಬೇಸ್‌ಬಾಲ್ ಆಡ್ದೆ. ನಗು, ಪರ್ವಾಗಿಲ್ಲ. ನಮ್ಮ ಗೋಡೌನಿನ ಫಿಲಿಪಿನೋ ಹುಡುಗ್ರಿಗೂ ಪಕ್ಕದ ಪೇಂಟ್ ಕಂಪ್ನಿಯವರಿಗೂ ಮ್ಯಾಚು, ಒಬ್ಬ ಕಮ್ಮಿ ಬಿದ್ದ. ನಮ್ಮ ಸೂಪರ್‌ವೈಸರ್ ಪಾಯ್ಸ್, ಮಂಗಳೂರಿನೋರು, 'ಮುನಿಸ್ವಾಮಿ ಕ್ರಿಕೆಟ್ ಆಡಿದೋರು ಮಾರಾಯ್ರೆ' ಅಂತ ನನ್ನ ತಳ್ಳಿದ್ರು. ಕೊನೇ ಸರದಿ. ಒಂದು ರನ್ ಹಿಂದಿದ್ವಿ, ನಮ್ಮೋನೊಬ್ಬ ಆಗ್ಲೇ ಬೇಸ್ ಮೇಲೆ, ಅಂದ್ರೆ ಓಡೋರು ನಿಲ್ಲೋ ಚೌಕದ ಮೇಲೆ, ನಿಂತಿದ್ದ, ನಾನು ಔಟಾದ್ರೆ ಖಲಾಸ್. ಕಣ್ಮುಚ್ಚಿ ಬೀಸ್ದೆ ಅಕ್ಕ. ಬಾಲು ಬೇಲಿ ದಾಟಿ ಲೇಬರ್ ಕ್ಯಾಂಪಿನೋರು ಒಣಗಾಕಿದ್ದ ಬಟ್ಟೆ ಮೇಲೆ ಬಿತ್ತು.

ನಾನೇನ್ ಮಾಡ್ದೆ? ಸಿಕ್ಸರ್ ಆಯ್ತಲ್ಲ ಅಂತ ಬ್ಯಾಟ್ ಎತ್ತಿ ಎಲ್ರಿಗೂ ತೋರಿಸ್ಕೊಂಡು ನಿಂತೆ. ಹುಡುಗ್ರು 'ರನ್, ರನ್' ಅಂತ ಅರಚ್ತಿದ್ರು. ಎಷ್ಟು ರನ್ ಅಂತ ಕೇಳ್ತಿದ್ದಾರೆ ಅಂದ್ಕೊಂಡು ಆರು ಬೆರಳು ತೋರಿಸ್ದೆ. ಪಾಯ್ಸ್ ತಲೆ ಚಚ್ಕೊಂಡು, 'ಓಡಿ ಮಾರಾಯ್ರೆ, ನಾಲ್ಕೂ ಬೇಸ್ ಮುಟ್ಟಿ ಬರ್ದಿದ್ರೆ ಈ ಹೊಡೆತ ಲೆಕ್ಕಕ್ಕೇ ಇಲ್ಲ' ಅಂದ್ರು. ಹೊಟ್ಟೆ ಹೊತ್ಕೊಂಡು, ಬ್ಯಾಟ್ ಹಿಡ್ಕೊಂಡೇ ಓಡ್ದೆ. ಗೆದ್ವಿ.

ಆಮೇಲೆ ಪಾಯ್ಸ್ ಮೊಬೈಲಲ್ಲಿ ಎಂಬತ್ತೆಂಟನೇ ಇಸ್ವಿಯ ಅಮೆರಿಕದ ಮ್ಯಾಚೊಂದು ತೋರಿಸಿದ್ರು. ಎರಡೂ ಕಾಲಿಗೆ ಪೆಟ್ಟಾಗಿದ್ದೋನು ಕೊನೇ ಗಳಿಗೇಲಿ ಬಂದು, ಹೊಡೆದು ಗೆಲ್ಸಿ, ಕುಂಟ್ತಾ ಕುಂಟ್ತಾ ನಾಲ್ಕೂ ಮುಟ್ದ. ಅವನಿಗೂ ವಿನಾಯ್ತಿ ಇಲ್ಲ.

ಅದನ್ನ ನೋಡ್ತಾ ಹಿತಾ ನೆನಪಾದ್ಲು. ಹೋದ ತಿಂಗ್ಳು ನನ್ನ ಮಗಳು ಇಂಥದ್ದೇ ಹೊಡೆದು ಕಾಲೇಜಿಗೆ ಸಾಫ್ಟ್‌ಬಾಲ್ ಕಪ್ ಗೆಲ್ಸಿದ್ಲು, ಸ್ಟೇಟ್ ಟೀಮಿಗೂ ಸೆಲೆಕ್ಟ್ ಆದ್ಲು. ನೀನು ಮೊನ್ನೆ 'ಹೊಡೆದಿದ್ದು ಸಾಕು, ಈ ಭಾನುವಾರ ಗಂಡಿನ ಕಡೆಯೋರು ನೋಡೋಕೆ ಬರ್ತಾರೆ, ದೊಣ್ಣೆ ಹಿಡ್ಕೊಂಡು ಊರೂರು ಸುತ್ತೋದು ಬೇಡ' ಅಂದೆ. ನಾನೂ ಹೂಂ ಅಂದೆ. ಅವಳಮ್ಮ ಹೋದ್ಮೇಲೆ ಸಾಕಿದ್ದು ನೀನು, ಎದುರಾಡೋಕೆ ಬಾಯಿ ಬರ್ಲಿಲ್ಲ. ಈಗ ಆ ಹೂಂ ವಾಪಸ್ ತಗೋತಿದ್ದೀನಿ. ಹೊಡೆದೋಳು ಓಡ್ಲೇಬೇಕು, ಅವಳು ಸ್ಟೇಟ್ ಟೀಮಿನ ಜೊತೆ ಟೂರ್ನಮೆಂಟಿಗೆ ಹೋಗ್ತಾಳೆ. ಈ ಐವತ್ತು ವರ್ಷದಲ್ಲಿ ನಿನಗೆ ಎದುರು ಹೇಳ್ತಿರೋದು ಇದೇ ಮೊದಲು. ಜಗಳ ಆಡ್ಬೇಕು ಅನ್ಸಿದ್ರೆ ರಜಕ್ಕೆ ಬರ್ತೀನಲ್ಲ, ಎದುರಿಗೆ ಕೂತೇ ಆಡೋಣ.

ಭಾವಂಗೆ ನಮಸ್ಕಾರ ಹೇಳು. ಕೋಪ ಎಷ್ಟಾದ್ರೂ ಮಾಡ್ಕೋ, ಆಶೀರ್ವಾದ ಮಾತ್ರ ನಿಲ್ಲಿಸ್ಬೇಡ.

ನಿನ್ನ ತಮ್ಮ,
ಮುನಿಸ್ವಾಮಿ

ಇನ್ನೊಂದು ಸಣ್ಣ ನೋಟು, ಮರೆತಿದ್ದೆ: ಗಂಡಿನ ಕಡೆಯೋರಿಗೆ ನಾನೇ ಫೋನ್ ಮಾಡಿ, ಈ ಭಾನುವಾರ ಬರ್ಬೇಡಿ ಅಂದಿದ್ದೀನಿ. ಅವಳ ಬ್ಯಾಟು, ಗ್ಲೌಸು ನಿನ್ನ ಬೀರುವಲ್ಲಿ ಬೀಗ ಹಾಕಿಟ್ಟಿದ್ದೀಯಂತೆ. ಟೀಮಿನ ಬಸ್ಸು ನಾಳೆ ಬೆಳಿಗ್ಗೆ ಆರಕ್ಕೆ. ಕೀ ಕೊಡು ಅಕ್ಕ. ನೀನು ಕೊಡ್ದಿದ್ರೆ ಬೀಗ ಒಡಿ ಅಂತ ಹಿತಾಗೆ ಹೇಳಿದ್ದೀನಿ.