ತುಕ್ಕು ಉಜ್ಜಿದವನಿಗೆ

ಶಿಗೆಕಿ ಅಣ್ಣ,

ಕತ್ತಿಯ ಬಿದಿರಿನ ಬೆಣೆ ತೆಗೆದು ಹಿಡಿ ಬಿಚ್ಚಿಟ್ಟಿದ್ದೇನೆ. ಎಲ್ಲ ಮೇಜಿನ ಮೇಲಿದೆ. ಹಿಡಿಯನ್ನು ಮತ್ತೆ ತೊಡಿಸಿ ಮುಚ್ಚಿಡಬೇಡ.

ಅಪ್ಪನ ಕೈ ಇನ್ನೂ ನಡುಗುತ್ತಿರಬಹುದು, ಹಳೆ ಎಣ್ಣೆಯನ್ನಾದರೂ ಒರೆಸಿಡೋಣ ಎಂದು ಕೂತವಳು, ಹಿಡಿಯೊಳಗೆ ಕೂರುವ ಅಲಗಿನ ಬುಡ ನೋಡಿ ಎದ್ದುಬಿಟ್ಟೆ. ಚಮಚದ ಹಾಗೆ ಹೊಳೆಯುತ್ತಿದೆ. ಅಲ್ಲಿದ್ದ ಕಪ್ಪು ತುಕ್ಕನ್ನು ಅಜ್ಜನೂ ಮುಟ್ಟದೆ ಬಿಟ್ಟಿದ್ದ. ಕತ್ತಿಯ ವಯಸ್ಸು ಹೇಳುತ್ತಿದ್ದುದೇ ಆ ತುಕ್ಕು. ಅಲ್ಲೇ ಕೆತ್ತಿದ್ದ, ಕತ್ತಿ ಮಾಡಿದ ಕಮ್ಮಾರನ ಹೆಸರೂ ಅರ್ಧ ಅಳಿಸಿದೆ.

ಕೇಳಿದರೆ ಹೊದಿಕೆಯೊಳಗಿಂದಲೇ ನಿನ್ನ ಉತ್ತರ: "ಅಪ್ಪ ಆಸ್ಪತ್ರೆಯಿಂದ ಬರೋಷ್ಟರಲ್ಲಿ ಫಳಫಳ ಅನ್ಲಿ ಅಂತ ಉಜ್ಜಿದೆ ಕಣೇ. ನೀನೇ ಮಾಡಿದ್ದು ಅಂತ ಹೇಳ್ಬಿಡು, ಸಯೋ. ನಿಂಗೆ ಅವರು ಬೈಯಲ್ಲ. ಬೇಕಾದ್ರೆ ನನ್ನ ಬೈಕ್ ಇಟ್ಕೋ."

ಆಮೇಲೆ ನಿನಗೆ ನಿದ್ದೆಯೂ ಬಂತು. ನಾನು ಅಡುಗೆಮನೆಗೂ ಅಂಗಳಕ್ಕೂ ಓಡಾಡುತ್ತಲೇ ಇದ್ದೆ.

ಅಪ್ಪನನ್ನು ಕರೆತರಲು ಹೊರಟೆ. ಮಿಸೋ ಸಾರು ಒಲೆಯ ಮೇಲಿದೆ, ಬಿಸಿ ಮಾಡಿಕೋ. ಸ್ಯಾಂಡ್ ಪೇಪರನ್ನು ಎಸೆಯಬೇಡ, ಅವರಿಗೆ ಅದನ್ನೂ ತೋರಿಸು.

ಬಂದವರೇ ಕತ್ತಿಯ ಮುಂದೆ ಕೂರುತ್ತಾರೆ. ಅಲಗಿಗೆ ಉಸಿರು ತಾಗಬಾರದೆಂದು ತುಟಿಗಳ ನಡುವೆ ಕಾಗದ ಕಚ್ಚಿಕೊಳ್ಳುತ್ತಾರಲ್ಲ, ಅದಕ್ಕೂ ಮುಂಚೆ ಹೇಳು. ಕಾಗದ ಬಾಯಲ್ಲಿರುವಾಗ ಗೊತ್ತಾದರೆ ಬೈಯಲೂ ಆಗದೆ ಸುಮ್ಮನೆ ನೋಡುತ್ತಾ ಕೂತುಬಿಡುತ್ತಾರೆ. ಅದನ್ನು ನನ್ನಿಂದ ನೋಡಲಾಗದು.

ಬೈಕಿನ ಕೀ ಚಪ್ಪಲಿ ಗೂಡಿನ ಮೇಲಿದೆ. ನಾನು ಬಸ್ಸಿನಲ್ಲಿ ಹೋಗುತ್ತೇನೆ. ನಿನ್ನ ಬೈಕ್ ನನಗೆ ಬೇಡ. ನಾನು ಮಾಡಿದೆ ಎಂದು ಹೇಳುವುದೂ ಇಲ್ಲ.