ಬಾಸ್‌ನ ಬೆನ್ನುನೋವು

ಗೋರ್,
ನವೆಂಬರ್ 14

ಮಗಳೇ ಕರ್ಸ್ಟಿ,

ಎರಡು ವರ್ಷದ ಮೇಲೆ ಅಪ್ಪನ ಕಾಗದ ಬಂತೆಂದು ಗಾಬರಿಯಾಗಬೇಡ. ಮನೆಯಲ್ಲಿ ಎಲ್ಲರೂ ಕ್ಷೇಮ. ನಮ್ಮ ನಾಯಿ ಬಾಸ್‌ಗೆ ಮಾತ್ರ ಬೆನ್ನುನೋವು. ನಿನ್ನ ಮದುವೆಗೆ ಬರಲಾಗದು ಎಂದು ಹೇಳಿ ಕಳಿಸಿದ್ದೂ ಅದಕ್ಕೇ. ಅವನನ್ನು ಈ ಸ್ಥಿತಿಯಲ್ಲಿ ಬಿಟ್ಟು ಹೇಗೆ ಬರಲಿ?

ನಿನ್ನಮ್ಮ ನಂಬಲಿಲ್ಲ. "ನಾಯಿ ಬೇಲಿ ಹಾರ್ತಾ ಇದೆ ಗ್ರೇಮ್. ಬೂಟಿನ ದಾರ ಕಟ್ಟು ಬಾ ಅಂತ ದಿನಾ ನನ್ನ ಕರೆಯೋದು ನಾಯೀನಾ?" ಎಂದಳು. ಮೂವತ್ತೆಂಟು ವರ್ಷ ದಿನಕ್ಕೆ ಮುನ್ನೂರು ಕುರಿಗಳ ಉಣ್ಣೆ ಕತ್ತರಿಸಿದವನು ನಾನು. ನಮ್ಮ ಷೆಡ್ಡಿನಲ್ಲಿ ಬೆನ್ನುನೋವು ಎಂದವನನ್ನು ಆಲೂಗಡ್ಡೆ ಸುಲಿಯಲು ಅಡುಗೆಮನೆಗೆ ಅಟ್ಟುತ್ತಿದ್ದೆವು.

ಸಾಲದ್ದಕ್ಕೆ, ನಿನ್ನ ಪದವಿ ಸಮಾರಂಭದಲ್ಲಿ ಎಲ್ಲರೆದುರು, "ಐದು ವರ್ಷ ಓದಿ ಕಲ್ತಿದ್ದು ನೆಟಿಕೆ ತೆಗೆಯೋದಾ?" ಎಂದು ನಕ್ಕವನೂ ನಾನೇ. ಈಗ ಯಾವ ಮುಖ ಹೊತ್ತು, ನಿನ್ನ ಹಾಗೆ ಬೆನ್ನಿನ ಕೀಲು ಸರಿಮಾಡುವ ಕೈರೊಪ್ರಾಕ್ಟರ್ ಬಳಿ ಹೋಗಲಿ? ಬಾಸ್‌ನನ್ನು ಮುಂದೆ ಬಿಟ್ಟೆ.

ನಿನ್ನ ಜೊತೆ ಓದಿದ ಲಾಕ್ಲನ್ ಇಲ್ಲಿ ಬೇಕರಿಯ ಹಿಂದೆ ಕ್ಲಿನಿಕ್ ಇಟ್ಟಿದ್ದಾನಲ್ಲ, ಅಲ್ಲಿಗೆ. ನಾಯಿಯನ್ನು ನೋಡಿ ಅವನು ನಗಲಿಲ್ಲ. ಪೆನ್ನು ಹಿಡಿದು ಕೂತ.

"ಯಾವಾಗಿಂದ ನೋವು?"

"ಮಾರ್ಚಿಂದ."

"ಕಾಲು ಜೋಮು ಹಿಡಿಯುತ್ತಾ?"

"ಇಲ್ಲಪ್ಪ."

"ಬೆಳಗ್ಗೆ ಜಾಸ್ತಿನಾ?"

"ಹೂಂ, ಹಲ್ಲುಜ್ಜೋವಾಗ ಬಗ್ಗೋಕೇ ಆಗಲ್ಲ," ಎಂದುಬಿಟ್ಟೆ. ಬಾಸ್ ನನ್ನ ಮುಖ ನೋಡಿದ. ಲಾಕ್ಲನ್, "ಒಳ್ಳೇ ಅಭ್ಯಾಸ," ಎಂದು ಅದನ್ನೂ ಬರೆದುಕೊಂಡ.

ಆಮೇಲೆ ಬಾಸ್‌ಗೆ ಬಿಸ್ಕತ್ತು ಕೊಟ್ಟು ಬೆನ್ನು ಸವರಿದ. "ಇವನು ಮೇಜು ಹತ್ತೋಕೆ ಹೆದರ್ತಾ ಇದಾನೆ. ನೀವೊಂದ್ಸಲ ಮಲಗಿ ತೋರಿಸ್ತೀರಾ?"

ನಾಯಿಗೆ ಧೈರ್ಯ ಬರಲಿ ಎಂದು ಮಲಗಿದೆ. ಅವನು ಮೊಣಕಾಲು ತಟ್ಟಿದ, ಕಾಲೆತ್ತಿಸಿದ, ಬೆನ್ನಿನ ಒಂದೊಂದು ಕೀಲನ್ನೂ ಬೆರಳಿನಲ್ಲಿ ಮುಟ್ಟಿ ನೋಡಿದ, ಮುಂದೇನು ಮಾಡುತ್ತೇನೆಂದು ಹೇಳಿಯೇ ಮಾಡಿದ. ಮಗ್ಗುಲಿಗೆ ತಿರುಗಿಸಿ ಒತ್ತಿದಾಗ ಟಕ್ ಎಂದಿತು.

"ಮುರೀತಲ್ಲೋ!" ಎಂದು ಕಿರುಚಿದೆ. ಬಾಸ್ ಬೊಗಳಿದ.

"ಮುರೀಲಿಲ್ಲ, ಅದು ಕೀಲೊಳಗಿನ ಗಾಳಿಗುಳ್ಳೆ ಸದ್ದು. ಬಿಗಿದ ಕೀಲು ಸ್ವಲ್ಪ ಆಡೋ ಹಾಗೆ ಮಾಡ್ತೀವಿ, ಅಷ್ಟೇ. ಹಳೇ ಬೆನ್ನು ಹೊಸದಾಗಲ್ಲ. ಹೇಳಿಕೊಟ್ಟ ವ್ಯಾಯಾಮ ಮನೇಲಿ ಮಾಡ್ಬೇಕು. ಕಾಲು ಜೋಮು ಹಿಡೀತೋ, ನನ್ನ ಹತ್ರ ಬರ್ಬೇಡಿ, ಸೀದಾ ಡಾಕ್ಟರ್ ಹತ್ರ ಹೋಗಿ."

ಹೊರಡುವಾಗ ಅವನು ಹೇಳಿದ: "ಕರ್ಸ್ಟಿ ಮೊದ್ಲೇ ಫೋನ್ ಮಾಡಿದ್ಲು. ನಮ್ಮಪ್ಪ ತನಗೆ ನೋವು ಅಂತ ಬರಲ್ಲ, ನಾಯೀನ ಕರ್ಕೊಂಡು ಬರ್ತಾನೆ. ಮೊದ್ಲು ನಾಯೀನೇ ನೋಡು ಅಂದ್ಲು."

ಆಡಬಾರದ ಮಾತಾಡಿ ನಿನ್ನನ್ನು ನೋಯಿಸಿದೆ. ನೀನು ಮಾತ್ರ ನನ್ನ ಮಾನ ಉಳಿಸುವ ದಾರಿ ಹುಡುಕಿದೆ. ತಪ್ಪಾಯಿತು ಮಗಳೇ. ಮದುವೆಯ ದಿನ ಅಷ್ಟು ಜನರೆದುರು ನಿನ್ನ ತೋಳು ಹಿಡಿದು ಹುಡುಗನ ತನಕ ಗೂನು ಬೆನ್ನಿನಲ್ಲಿ ನಡೆಯಲು ನಾಚಿಕೊಂಡು ಬರುವುದಿಲ್ಲ ಎಂದಿದ್ದೆ.

ನಾಲ್ಕು ಸಲ ಹೋಗಿ ಬಂದಿದ್ದೇವೆ. ಬಾಸ್ ಸುಧಾರಿಸುತ್ತಿದ್ದಾನೆ. ಫೆಬ್ರವರಿಯ ಹೊತ್ತಿಗೆ ಮದುವೆಗೆ ಬರುವಷ್ಟು ಆಗಬಹುದು. ನಮಗಿನ್ನೂ ಜಾಗ ಇದೆಯೇ?

ಬೆನ್ನು ತಕ್ಕಮಟ್ಟಿಗೆ ನೆಟ್ಟಗಾಗಿರುವ
ನಿನ್ನ ಅಪ್ಪ,
ಗ್ರೇಮ್

ಮರೆತ ಮಾತು: ಇದು ಅಮ್ಮನ ಕೈಬರಹ. ಸ್ಟಾಂಪು ಅಂಟಿಸು ಎಂದು ಕಾಗದವನ್ನು ನನ್ನ ಕೈಗೆ ಕೊಟ್ಟ, ಓದಿಬಿಟ್ಟೆ. ಒಂದು ವಿಷಯ ಮುಚ್ಚಿಟ್ಟಿದ್ದಾನೆ. ದಿನಾ ಸಂಜೆ ಷೆಡ್ಡಿನಲ್ಲಿ ಉದ್ದ ಹಿಡಿಯ ಪೊರಕೆಯನ್ನು ತೋಳಿಗೆ ಸಿಕ್ಕಿಸಿಕೊಂಡು, ಎದೆ ಸೆಟೆದು, ಈ ತುದಿಯಿಂದ ಆ ತುದಿಗೆ ನಿಧಾನವಾಗಿ ನಡೆಯುತ್ತಾನೆ. ಹಿಂದೆ ಬಾಸ್. ನಿನ್ನೆ ಕಸ ಗುಡಿಸಬೇಕು, ಪೊರಕೆ ಕೊಡು ಎಂದರೆ ಕೊಡಲಿಲ್ಲ. "ತಾಳೇ, ಇನ್ನೂ ಅವಳನ್ನ ಹುಡುಗನ ಕೈಗೆ ಒಪ್ಪಿಸಿಲ್ಲ," ಎಂದ.